ಬೀಗರ ನಡೆಯ ಮೇಲಿನ ಸ್ವರ

ಶಿಡ್ಲಘಟ್ಟ
6 ಅಕ್ಟೋಬರ್ 2024

ಚಲಪತಿಗೆ,

ಲಕೋಟೆಯ ಮೇಲೆ ನನ್ನ ಹೆಸರು ನೋಡಿ ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ಸಾಯಬೇಕಾದವರೆಲ್ಲ ಮೊದಲೇ ಸತ್ತು, ನಮ್ಮ ಚೌಡೇಶ್ವರಿ ಬ್ಯಾಂಡ್ ಸೆಟ್ಟಿನಲ್ಲಿ ಹಳಬರೆಂದು ಉಳಿದಿರುವುದು ಕ್ಲಾರಿನೆಟ್ಟಿನ ನಾನು, ದೊಡ್ಡ ಡ್ರಮ್ಮಿನ ಮುನಿಶಾಮಿ, ಇಬ್ಬರೇ. ನಿನ್ನನ್ನೂ ಸೇರಿಸಿದರೆ ಮೂವರು. ಸೇರಿಸಬೇಕೋ ಬೇಡವೋ ನೀನೇ ಹೇಳಬೇಕು.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ನಲವತ್ತು ವರ್ಷ ಮುನಿಶಾಮಿಯ ಡ್ರಮ್ಮಿನ ಮುಂದೆ ನಿಂತು ನನ್ನ ಎರಡು ಕಿವಿಯೂ ಹೋಗಿವೆ. ಎದುರಿಗೆ ನಿಂತು ಕೂಗಿದರೆ ಅಷ್ಟೋ ಇಷ್ಟೋ ತಿಳಿಯುತ್ತದೆ, ಫೋನಿನಲ್ಲಿ ಬರೀ ಜೇನುಹುಳದ ಸದ್ದು. ಮೆಸೇಜು ಮಾಡೋಣವೆಂದರೆ ನಿನ್ನದು ಗುಂಡಿ ಒತ್ತುವ ಸೆಟ್ಟಂತೆ, ಕನ್ನಡ ಕಳಿಸಿದರೆ ಚೌಕ ಚೌಕ ಕಾಣುತ್ತದಂತೆ. ಅದಕ್ಕೇ ಪೆನ್ನು ಹಿಡಿದೆ. ವಿಳಾಸ ಕೊಟ್ಟವನು ಗೌರಿಬಿದನೂರಿನ ಪಾತ್ರೆ ವ್ಯಾಪಾರಿ. ವಿದುರಾಶ್ವತ್ಥದಲ್ಲಿ ಮನೆ ಕಟ್ಟಿದ್ದೀಯಂತೆ, ಹೈಸ್ಕೂಲಿನಲ್ಲಿ ಅಟೆಂಡರ್ ಆಗಿದ್ದು ರಿಟೈರ್ ಆದೆಯಂತೆ. ಸಂತೋಷ.

ಈಗ ವಿಷಯ. ನನ್ನ ಮೊಮ್ಮಗಳು ಚೈತ್ರ, ಚಿಂತಾಮಣಿಯಲ್ಲಿ ಬ್ಯಾಂಕಿನಲ್ಲಿದ್ದಾಳೆ, ನಮ್ಮ ಎಂಬತ್ತೆಂಟನೇ ಇಸವಿಯ ಕ್ಯಾಸೆಟ್ಟನ್ನು ಇಂಟರ್ನೆಟ್ಟಿಗೆ ಹಾಕಿದಳು. ಕೆಂಚಾರ್ಲಹಳ್ಳಿಯ ವೆಂಕಟರವಣಪ್ಪನ ರೇಷ್ಮೆ ಹುಳು ಮನೆಯಲ್ಲಿ, ಗೂಡು ಬಿಡಿಸಿ ಖಾಲಿಯಾಗಿದ್ದ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿ, ಬಾಗಿಲಿಗೆ ಗೋಣಿಚೀಲ ಇಳಿಬಿಟ್ಟು ರೆಕಾರ್ಡ್ ಮಾಡಿದೆವಲ್ಲ, ಅದೇ. ಅದನ್ನು ಕೇಳಿ ಬೆಂಗಳೂರಿನ ನಾಲ್ಕು ಜನ ವಾದ್ಯದ ಹುಡುಗರು ಹುಚ್ಚೆದ್ದು ಹುಡುಕಿಕೊಂಡು ಬಂದರು. ಅವರ ಲೆಕ್ಕದಲ್ಲಿ ನಮ್ಮದು ಸ್ಕಾ ಬ್ಯಾಂಡ್ ಅಂತೆ. "ಸ್ಕಾ ಅಂದ್ರೆ ಏನಮ್ಮ, ತಿನ್ನೋದಾ?" ಎಂದು ಚೈತ್ರಳನ್ನು ಕೇಳಿದೆ. ಜಮೈಕಾ ಎಂಬ ದೇಶದಲ್ಲಿ ನಮ್ಮ ಹಾಗೆಯೇ ಟ್ರಂಪೆಟ್ಟು, ಸ್ಯಾಕ್ಸಫೋನು ಇಟ್ಟುಕೊಂಡು, ಪೆಟ್ಟನ್ನು ತಾಳದ ಮೇಲೆ ಹಾಕದೆ ತಾಳದ ಸಂದಿಯಲ್ಲಿ ಹಾಕುತ್ತಾರಂತೆ. ಹೆಜ್ಜೆ ಇಟ್ಟಾದ ಮೇಲೆ ಕೋಲು ಎತ್ತುವ ಮುನಿಶಾಮಿಯ ಸೋಮಾರಿತನಕ್ಕೆ ಹೊರಗೆ ಒಂದು ದೇಶವೇ ಇದೆ ಎಂದು ಗೊತ್ತಾದದ್ದೇ, ಎರಡು ದಿನ ಅವನನ್ನು ಹಿಡಿಯುವವರಿರಲಿಲ್ಲ.

ಆ ಹುಡುಗರು ಸಾಮಾನು ತಂದು, ಅದೇ ಹುಳು ಮನೆಯಲ್ಲಿ, ಅದೇ ಹಾಡುಗಳನ್ನು ನಮ್ಮಿಂದಲೇ ಮತ್ತೆ ಊದಿಸಿ ರೆಕಾರ್ಡ್ ಮಾಡುತ್ತಾರೆ. ಸಂಕ್ರಾಂತಿ ಹೊತ್ತಿಗೆ. ತೊಡಕು ಒಂದೇ. ಕೊನೆಯ ಹಾಡು "ಬೀಗರ ನಡೆ". ಬೀಗರು ಛತ್ರದ ಬಾಗಿಲಿಗೆ ಬಂದಾಗ ಊದಲೆಂದು ನಾವೇ ಕೂತು ಕಟ್ಟಿದ್ದು. ಅದರ ತುದಿಯಲ್ಲಿ ನೀನು ಟ್ರಂಪೆಟ್ಟಿನಲ್ಲಿ ಒಂದು ಸ್ವರಕ್ಕೆ ಏರಿ ನಿಲ್ಲುತ್ತೀಯಲ್ಲ, ಆಗಿನ ಕೋಲಾರ ಜಿಲ್ಲೆಯ ಬ್ಯಾಂಡಿನವರೆಲ್ಲ ಬೆರಳು ಮೂಗಿನ ಮೇಲಿಟ್ಟುಕೊಂಡ ಸ್ವರ, ಅದನ್ನು ನಮ್ಮ ಈಗಿನ ಟ್ರಂಪೆಟ್ ಕನಕರಾಜ್ ಮುಟ್ಟಲಾರ. ಮೂವತ್ತೆಂಟು ವರ್ಷದ ಗಟ್ಟಿ ಆಳು. ತುಟಿ ಒಡೆದುಕೊಂಡು ರಕ್ತ ಒರೆಸುತ್ತಾನೆ. ನನಗೆ ಕೇಳಿಸುವುದಿಲ್ಲ, ಆದರೆ ಮುನಿಶಾಮಿ ಇಲ್ಲವೆಂದು ತಲೆ ಆಡಿಸುವುದು ಕಾಣುತ್ತದೆ.

ಒಂದು ದಿನ ಬಂದು ಅವನಿಗೆ ತೋರಿಸಿಕೊಟ್ಟು ಹೋಗು. ಹಳೆಯದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಯಾರಿಗೆ ಲಾಭ?

ನಾರಾಯಣಮ್ಮನನ್ನು ಕೇಳಿದೆನೆಂದು ಹೇಳು.

ನಿನ್ನ ಮಾಸ್ಟರ್,
ಮುನಿಶಾಮಪ್ಪ


ವಿದುರಾಶ್ವತ್ಥ
27 ಅಕ್ಟೋಬರ್ 2024

ಮಾಸ್ಟರ್ ಅವರಿಗೆ ನಮಸ್ಕಾರ.

ಕಾಗದ ತಲುಪಿ ಎರಡು ವಾರವಾಯಿತು. ಉತ್ತರ ಬೇಡವೆಂದಿದ್ದೆ. ಹೆಂಡತಿ ಬಿಡಲಿಲ್ಲ. "ಬರಲ್ಲ ಅಂತಾನಾದ್ರೂ ಬರೀರಿ, ವಯಸ್ಸಾದೋರು ಕಾಯ್ತಾ ಇರ್ತಾರೆ" ಎಂದಳು.

ಬರುವುದಿಲ್ಲ.

ಹಳೆಯದನ್ನು ಇಟ್ಟುಕೊಂಡು ಯಾರಿಗೆ ಲಾಭ ಎಂದಿದ್ದೀರಿ. ನಾನು ಲಾಭಕ್ಕೆಂದು ಇಟ್ಟುಕೊಂಡಿಲ್ಲ. ತೊಂಬತ್ತನಾಲ್ಕರ ಮೇ ತಿಂಗಳು, ಗೌರಿಬಿದನೂರಿನಲ್ಲಿ ಮೋಹನ್‌ಬಾಬು ಅವರ ಮದುವೆ. ಬೀಗರು ಬಾಗಿಲಲ್ಲಿ ನಿಂತಿದ್ದರು. ನನ್ನ ಸ್ವರ ಒಡೆಯಿತು. ನೀವು ನನ್ನ ಕೈಯಿಂದ ಟ್ರಂಪೆಟ್ ಕಿತ್ತುಕೊಂಡು, "ಕ್ಯಾಸೆಟ್ಟಲ್ಲಿ ಊದಿದ್ದ ಗಂಡಸು ಎಲ್ಲಿ ಸತ್ತೋದ್ನೋ?" ಎಂದಿರಿ. ಅಷ್ಟಕ್ಕೂ ಬಿಡಲಿಲ್ಲ. ಸೆಟ್ಟಿನ ಕೆಂಪು ಕೋಟು ಸೆಟ್ಟಿನವರಿಗೆ ಮಾತ್ರ ಎಂದು ಅಲ್ಲೇ ಬಿಚ್ಚಿಸಿದಿರಿ. ಒಳಗೆ ನನ್ನ ಬನೀನು ಹರಿದಿತ್ತು. ಆರತಿ ಹಿಡಿದು ನಿಂತಿದ್ದ ಹೆಣ್ಣುಮಕ್ಕಳು ನಕ್ಕರು.

ಅದಕ್ಕೆ ಮುಂಚೆ ಆರು ವರ್ಷ ಆ ಸ್ವರಕ್ಕಾಗಿ ನಾನು ಪಟ್ಟ ಪಾಡು ನಿಮಗೆ ಗೊತ್ತು. ದಿನಾ ಬೆಳಿಗ್ಗೆ ಕೆರೆ ಕಟ್ಟೆಯ ಮೇಲೆ ನಿಂತು ಊದುತ್ತಿದ್ದೆ. ತುಟಿಗೆ ಬೆಣ್ಣೆ ಸವರಿಕೊಂಡು ಮಲಗುತ್ತಿದ್ದೆ. ಖಾರ ತಿನ್ನುವುದು ಬಿಟ್ಟೆ. ಹುಳು ಮನೆಯಲ್ಲಿ ಅಷ್ಟು ಸಲೀಸಾಗಿ ಬಂದದ್ದು ಮತ್ತೆ ಒಂದು ಸಲವೂ ಯಾಕೆ ಬರಲಿಲ್ಲವೆಂದು ತಿಳಿಯದೆ ನನ್ನ ಮೇಲೆ ನನಗೇ ಹೇಸಿಗೆಯಾಗಿತ್ತು. ಹೊಸದಾಗಿ ಮದುವೆಯಾಗಿ ಬಂದಿದ್ದ ನಾರಾಯಣಮ್ಮನ ಮೇಲೆ ಆ ಸಿಟ್ಟನ್ನೆಲ್ಲ ತೀರಿಸಿಕೊಂಡೆ. ಗೌರಿಬಿದನೂರಿನ ಆ ಸಂಜೆಯಿಂದ ಈಚೆಗೆ ಟ್ರಂಪೆಟ್ ಮುಟ್ಟಿಲ್ಲ. ಈಗ ಮುಂದಿನ ಎರಡು ಹಲ್ಲು ಬಿದ್ದಿವೆ, ಮುಟ್ಟಿಯೂ ಪ್ರಯೋಜನವಿಲ್ಲ.

ಕನಕರಾಜನಿಗೆ ಏನು ತೋರಿಸಲಿ, ನನಗೇ ತಿಳಿಯದ್ದನ್ನು?

ಚಲಪತಿ


ಶಿಡ್ಲಘಟ್ಟ
12 ನವೆಂಬರ್ 2024

ಚಲಪತಿಗೆ,

ನಿನ್ನ ಕಾಗದ ಓದಿ ಮೈಯೆಲ್ಲ ಉರಿಯಿತು. ನಾನೇನು ಕೊಲೆ ಮಾಡಿದೆನೇ? ಬ್ಯಾಂಡ್ ಮಾಸ್ಟರ್ ಆದವನು ಸ್ವರ ತಪ್ಪಿದವನನ್ನು ಬೈಯದೆ ಮುದ್ದು ಮಾಡುತ್ತಾನೆಯೇ? ನನ್ನ ಗುರುಗಳು ಕ್ಲಾರಿನೆಟ್ಟಿನಿಂದಲೇ ನನ್ನ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದರು. ನಾನು ಯಾರಿಗಾದರೂ ಕಾಗದ ಬರೆದೆನೇ?

ಕೋಟಿನ ವಿಷಯ ಬಿಡು. ಅದು ಆಗಬಾರದಿತ್ತು. ಆದದ್ದು ಆಯಿತು.

ಇಲ್ಲಿ ನನ್ನ ಪಾಡು ಕೇಳು. ಒಂದು ಕಾಲಕ್ಕೆ ಶಿಡ್ಲಘಟ್ಟದಲ್ಲಿ ಮೂರು ಸೆಟ್ಟು, ಚಿಂತಾಮಣಿಯಲ್ಲಿ ನಾಲ್ಕು, ಚಿಕ್ಕಬಳ್ಳಾಪುರದಲ್ಲಿ ಎರಡು. ಈಗ ನಮ್ಮದೊಂದು, ಚಿಂತಾಮಣಿಯದೊಂದು, ಅದೂ ಗಣೇಶನ ಹಬ್ಬಕ್ಕೆ ಮಾತ್ರ. ಮದುವೆಗೆಲ್ಲ ಡಿಜೆ. ನಾವು ನುಡಿಸುತ್ತಿರುವಾಗಲೇ ಹಿಂದಿನಿಂದ ಡಿಜೆ ಗಾಡಿ ಬಂದು ಹಾರನ್ ಹೊಡೆಯುತ್ತದೆ. ನಾವು ಚರಂಡಿ ಪಕ್ಕಕ್ಕೆ ಸರಿದು ದಾರಿ ಬಿಡಬೇಕು. ಅಂಥದ್ದರಲ್ಲಿ ಇಷ್ಟು ವರ್ಷವಾದ ಮೇಲೆ ಯಾರೋ ನಮ್ಮನ್ನು ಹುಡುಕಿಕೊಂಡು ಬಂದಿದ್ದಾರೆ, ನಮ್ಮ ಹೆಸರು ಕೇಳಿದ್ದಾರೆ. ಈಗಲೂ ಆ ಕೊನೆಯ ಸ್ವರ ಸಿಕ್ಕದಿದ್ದರೆ ಕ್ಯಾಸೆಟ್ಟಿನವರು ಬೇರೆ, ಇವರು ಬೇರೆ ಎಂದುಬಿಡುತ್ತಾರೆ.

ನಿನ್ನೆ ಕನಕರಾಜ್ ಟ್ರಂಪೆಟ್ಟನ್ನು ನನ್ನ ಮುಂದೆ ಇಟ್ಟು, ಬಾಯಿ ಅಗಲ ಮಾಡಿ, ನನಗೆ ತಿಳಿಯುವ ಹಾಗೆ ಹೇಳಿದ: "ಅಣ್ಣ, ಇದು ಮನುಷ್ಯರು ಊದೋ ಸ್ವರ ಅಲ್ಲ ಕಣಣ್ಣ." ನಾನು ನಿನ್ನ ಹೆಸರು ಹೇಳಿ ಬೈದೆ. ಊದಿದ ಮನುಷ್ಯ ವಿದುರಾಶ್ವತ್ಥದಲ್ಲಿ ಇನ್ನೂ ಬದುಕಿದ್ದಾನೆ, ಕ್ಯಾಸೆಟ್ಟು ಸುಳ್ಳು ಹೇಳುತ್ತದೆಯೇ ಎಂದೆ.

ಹಲ್ಲಿಲ್ಲದಿದ್ದರೆ ಬಾಯಲ್ಲೇ ಹೇಳಿಕೊಡು. ಬಸ್ಸಿಗೆ ಬಂದರೆ ಮೂರು ಗಂಟೆಯ ದಾರಿ. ಇಷ್ಟು ಬಿಗುಮಾನ ಒಳ್ಳೆಯದಲ್ಲ.

ಮುನಿಶಾಮಪ್ಪ


ಚಿಂತಾಮಣಿ
1 ಡಿಸೆಂಬರ್ 2024

ಚಲಪತಿ ತಾತನವರಿಗೆ ನಮಸ್ಕಾರ.

ನಾನು ಚೈತ್ರ, ಮುನಿಶಾಮಪ್ಪನವರ ಮೊಮ್ಮಗಳು. ನಿಮಗೆ ಎರಡು ಸಲ ಫೋನ್ ಮಾಡಿದೆ. ತಾತನ ಹೆಸರು ಹೇಳುತ್ತಿದ್ದ ಹಾಗೇ ಇಟ್ಟುಬಿಟ್ಟಿರಿ. ನನ್ನ ಕೈಬರಹ ಕೆಟ್ಟದಾಗಿದೆ, ಸೈನ್ ಮಾಡುವುದು ಬಿಟ್ಟರೆ ಪೆನ್ನು ಹಿಡಿಯುವುದೇ ಇಲ್ಲ. ದಯವಿಟ್ಟು ಪೂರ್ತಿ ಓದಿ.

ನಾನು ಇಂಟರ್ನೆಟ್ಟಿಗೆ ಹಾಕಿದ್ದು ಅಂಗಡಿಯಲ್ಲಿ ಮಾರಿದ ಕ್ಯಾಸೆಟ್ಟು. ಹೋದ ತಿಂಗಳು ತಾತನ ಟ್ರಂಕಿನಲ್ಲಿ, ಹಳೆಯ ಕೋಟುಗಳ ಕೆಳಗೆ, ಹುಳು ಮನೆಯಲ್ಲಿ ರೆಕಾರ್ಡ್ ಮಾಡಿದ ಮೂಲ ಕ್ಯಾಸೆಟ್ಟೇ ಸಿಕ್ಕಿತು. ಅದರಲ್ಲಿ ಪ್ರತಿ ಹಾಡಿಗೂ ಮುಂಚೆ ತಾತ ಹಾಡಿನ ಹೆಸರು ಹೇಳುತ್ತಾರೆ. ಮಾರಿದ ಕ್ಯಾಸೆಟ್ಟಿನಲ್ಲಿ ಈ ಮಾತುಗಳಿಲ್ಲ. ಜಾಗ ಸಾಲದೆ ಅಂಗಡಿಯವರು ತೆಗೆದಿರಬಹುದು.

ಮೊದಲ ಹಾಡಿಗೆ ತಾತನ ದನಿ ಈಗಿರುವ ಹಾಗೆಯೇ ದಪ್ಪಗಿದೆ. ಮೂರನೆಯ ಹಾಡಿಗೆ ಸ್ವಲ್ಪ ತೆಳ್ಳಗಾಗಿದೆ. ಹೀಗೇ ಏರುತ್ತಾ ಹೋಗಿ ಕೊನೆಯಲ್ಲಿ "ಈಗ ಬೀಗರ ನಡೆ" ಎನ್ನುವಾಗ ಎರಡನೇ ಕ್ಲಾಸಿನ ಮಗು ಮಾತಾಡಿದ ಹಾಗಿದೆ. ಮೊದಲು ನಕ್ಕೆ. ಆಮೇಲೆ ಹೋಗಿ ಮುನಿಶಾಮಿ ತಾತನನ್ನು ಕೇಳಿದೆ. ಅವರು ಹೇಳಿದರು: "ಆವತ್ತು ಕರೆಂಟು ಹೋಗಿತ್ತಲ್ಲಮ್ಮ. ಟೇಪ್‌ರೆಕಾರ್ಡರ್‌ಗೆ ನನ್ನ ಟಾರ್ಚಿನ ಸೆಲ್ಲೇ ಹಾಕಿದ್ವಿ. ಅರ್ಧ ಇಳಿದಿತ್ತು. ಮಾಸ್ಟರ್ರು ಇರೋದು ಹಾಕೋ ಅಂದ್ರು."

ತಾತ, ಸೆಲ್ಲು ಇಳಿಯುತ್ತಾ ಹೋದ ಹಾಗೆ ಟೇಪು ನಿಧಾನವಾಗಿ ಓಡುತ್ತದೆ. ನಿಧಾನ ಓಡಿದ ಟೇಪನ್ನು ಆಮೇಲೆ ಸರಿಯಾದ ವೇಗದಲ್ಲಿ ಹಾಕಿದರೆ ಎಲ್ಲವೂ ಬೇಗ ಓಡುತ್ತದೆ, ಎಲ್ಲವೂ ಮೇಲಿನ ಶ್ರುತಿಗೆ ಏರುತ್ತದೆ. ಮನುಷ್ಯರ ದನಿಯೂ ಅಷ್ಟೇ, ಟ್ರಂಪೆಟ್ಟೂ ಅಷ್ಟೇ. ತಾತನ ದನಿ ತಾತನ ದನಿಯ ಹಾಗಾಗುವವರೆಗೂ ಕಂಪ್ಯೂಟರಿನಲ್ಲಿ ವೇಗ ಇಳಿಸಿದೆ. ಬೀಗರ ನಡೆ ಒಂದೂವರೆ ಸ್ವರದಷ್ಟು ಕೆಳಗೆ ಬಂತು.

ನೀವು ಆ ಸ್ವರವನ್ನು ಯಾವತ್ತೂ ಊದಿಯೇ ಇಲ್ಲ. ಊದಿದ್ದು ಅದಕ್ಕಿಂತ ಕೆಳಗಿನದನ್ನು. ತುಂಬಾ ಚೆನ್ನಾಗಿ ಊದಿದ್ದೀರಿ.

ಇದನ್ನು ಪೇಪರಿನಲ್ಲಿ ಬರೆದು ತಾತನಿಗೆ ತೋರಿಸಿದೆ. ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಪೇಪರನ್ನು ಹರಿದುಹಾಕಿ, "ಕನಕರಾಜಂಗೆ ಹೇಳ್ಬೇಡ, ಮುನಿಶಾಮಿಗೆ ಹೇಳ್ಬೇಡ, ಆ ಬೆಂಗ್ಳೂರ್ ಹುಡುಗ್ರಿಗಂತೂ ಹೇಳ್ಲೇಬೇಡ" ಎಂದು ನನ್ನಿಂದ ಆಣೆ ಹಾಕಿಸಿಕೊಂಡರು. ನಿಮಗೆ ಹೇಳಬೇಡ ಎನ್ನಲು ಮರೆತರು. ಯಾಕೆ ಅಷ್ಟು ಸಿಟ್ಟಾದರೋ ನನಗೆ ಗೊತ್ತಾಗಲಿಲ್ಲ.

ಅಜ್ಜಿಗೆ ನಮಸ್ಕಾರ ತಿಳಿಸಿ.

ಇಂತಿ,
ಚೈತ್ರ


ವಿದುರಾಶ್ವತ್ಥ
9 ಡಿಸೆಂಬರ್ 2024

ಮಾಸ್ಟರ್ ಅವರಿಗೆ,

ನಿಮ್ಮ ಮೊಮ್ಮಗಳು ಎಲ್ಲವನ್ನೂ ಬರೆದಿದ್ದಾಳೆ. ಅವಳನ್ನು ಬೈಯಬೇಡಿ. ನಿಮ್ಮ ಮನೆಯಲ್ಲಿ ಸರಿಯಾದ ಬುದ್ಧಿ ಇರುವುದು ಅವಳೊಬ್ಬಳಿಗೇ.

ನಾನು ಕೇಳುವುದು ಒಂದೇ. ಹಾಡುಗಳ ಮುಂಚಿನ ನಿಮ್ಮ ಮಾತುಗಳನ್ನು ಮಾರುವ ಕ್ಯಾಸೆಟ್ಟಿನಿಂದ ತೆಗೆಸಿದವರು ಯಾರು? ಅಂಗಡಿಯವನೋ, ನೀವೋ?

ನೀವಾದರೆ, ನಿಮಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಆರು ವರ್ಷ ನನ್ನನ್ನು ಕೆರೆ ಕಟ್ಟೆಯ ಮೇಲೆ ನಿಲ್ಲಿಸಿದಿರಿ.

ಬೇರೆ ಸಮಾಚಾರ ಬರೆಯಬೇಡಿ. ಡಿಜೆ ಕಥೆ ನನಗೆ ಬೇಡ.

ಚಲಪತಿ


ಶಿಡ್ಲಘಟ್ಟ
20 ಜನವರಿ 2025

ಚಲಪತಿಗೆ,

ಇದು ಆರನೆಯ ಕಾಗದ. ಐದನ್ನು ಬರೆದು ಒಲೆಗೆ ಹಾಕಿದೆ. ಒಂದರಲ್ಲಿ ಅಂಗಡಿಯವನ ಮೇಲೆ ಹಾಕಿದ್ದೆ, ಒಂದರಲ್ಲಿ ಮುನಿಶಾಮಿಯ ಸೆಲ್ಲಿನ ಮೇಲೆ. ಒಂದರಲ್ಲಿ ನಿನ್ನನ್ನೇ ಬೈದಿದ್ದೆ. ಸಂಕ್ರಾಂತಿ ಹೋಯಿತು. ರೆಕಾರ್ಡಿಂಗನ್ನು ನಾನೇ ಮುಂದಕ್ಕೆ ಹಾಕಿಸಿದೆ, ಮೈ ಸರಿಯಿಲ್ಲವೆಂದು ಸುಳ್ಳು ಹೇಳಿ.

ತೆಗೆಸಿದವನು ನಾನು.

ಕಾಪಿ ಮಾಡಿಸಲು ಟೇಪನ್ನು ಚಿಕ್ಕಬಳ್ಳಾಪುರಕ್ಕೆ ತೆಗೆದುಕೊಂಡು ಹೋದಾಗ ಅಂಗಡಿಯವನು ಕೇಳಿಸಿಕೊಂಡು ನಕ್ಕ. "ಮಾಸ್ಟ್ರೇ, ನಿಮ್ಮ ವಾಯ್ಸು ಹೆಂಗಸ್ರ ವಾಯ್ಸ್ ಆಗೋಗಿದೆ, ಟೇಪು ಫಾಸ್ಟಾಗಿದೆ, ಇನ್ನೊಂದ್ಸಲ ರೆಕಾರ್ಡ್ ಮಾಡ್ಕೊಂಡ್ ಬನ್ನಿ" ಎಂದ. ನಾನು ಕೂತು ಕೇಳಿದೆ. ಆಗ ನನ್ನ ಕಿವಿ ಚೆನ್ನಾಗಿತ್ತು. ಚಲಪತಿ, ಅದು ನಮ್ಮ ಬ್ಯಾಂಡಿನ ಹಾಗಿರಲಿಲ್ಲ. ಹತ್ತೂರಿನ ಬ್ಯಾಂಡನ್ನು ಮೀರಿಸುವ ಹಾಗಿತ್ತು. ಕುದುರೆ ಓಡಿದ ಹಾಗೆ ಓಡುತ್ತಿತ್ತು, ತುದಿಯಲ್ಲಿ ನಿನ್ನ ಸ್ವರ ಫಳಫಳ ಹೊಳೆಯುತ್ತಿತ್ತು. ನಾವು ಎಷ್ಟು ಸಾಧನೆ ಮಾಡಿದರೂ ಹಾಗೆ ಕೇಳಿಸುವುದಿಲ್ಲ ಎಂದು ನನಗೆ ಗೊತ್ತಿತ್ತು. ಆಸೆಯಾಯಿತು. "ನನ್ನ ಮಾತು ತೆಗ್ದಾಕು, ಹಾಡು ಹಂಗೇ ಇರ್ಲಿ" ಎಂದೆ.

ಆಮೇಲೆ ಆದದ್ದು ನಿನಗೇ ಗೊತ್ತು. ಮದುವೆಯವರು ಬಂದು "ಕ್ಯಾಸೆಟ್ಟಲ್ಲಿರೋ ಹಂಗೇ ಬೇಕು" ಎನ್ನತೊಡಗಿದರು. ನಮ್ಮ ಶ್ರುತಿಯಲ್ಲಿ ನುಡಿಸಿದರೆ ಸಪ್ಪೆ ಎಂದರು. ಅದಕ್ಕೇ, ಹುಳು ಮನೆಯಲ್ಲಿ ನುಡಿಸಿದ್ದೂ ಇದೇ ಶ್ರುತಿ, ಕ್ಯಾಸೆಟ್ಟೇ ಸಾಕ್ಷಿ ಎಂದು ನಂಬಿಸಿ, ಎಲ್ಲರನ್ನೂ ಮೇಲಿನ ಶ್ರುತಿಗೆ ಏರಿಸಿದೆ. ಕ್ಲಾರಿನೆಟ್ಟಿಗೆ ಬೆರಳು ಬದಲಾಯಿಸಿಕೊಂಡರೆ ಸಾಕು, ನನಗೇನೂ ಕಷ್ಟವಿರಲಿಲ್ಲ. ನಿನ್ನದು ತುಟಿಯ ಕೆಲಸ. ನಾನು ಹೇಳಬಹುದಿತ್ತು. ಯಾವ ದಿನ ಬೇಕಾದರೂ ಹೇಳಬಹುದಿತ್ತು. ಹೇಳಿದರೆ ನಮ್ಮ ಕ್ಯಾಸೆಟ್ಟೇ ಮೋಸ ಎಂದು ಚಿಂತಾಮಣಿ ಸೆಟ್ಟಿನವರು ಡಂಗುರ ಹೊಡೆಸುತ್ತಿದ್ದರು.

ಇಷ್ಟು ಬರೆದು ನಿಲ್ಲಿಸೋಣವೆಂದಿದ್ದೆ. ಇನ್ನೊಂದು ಇದೆ. ಎಲ್ಲ ಕಡೆಯೂ ಜನ ನಿನ್ನ ಹೆಸರನ್ನೇ ಹೇಳುತ್ತಿದ್ದರು. ಟ್ರಂಪೆಟ್ ಯಾರದು, ಟ್ರಂಪೆಟ್ ಯಾರದು. ಹಾಡು ಕಟ್ಟಿದವನು ನಾನು, ಸೆಟ್ಟು ಸಾಕಿದವನು ನಾನು. ಕ್ಲಾರಿನೆಟ್ ಯಾರದು ಎಂದು ಒಬ್ಬನೂ ಕೇಳಲಿಲ್ಲ. ನೀನು ಸ್ವರ ತಪ್ಪಿದಾಗೆಲ್ಲ ಬಾಯಲ್ಲಿ ಬೈಯುತ್ತಿದ್ದೆ, ಹೊಟ್ಟೆಯೊಳಗೆ ತಣ್ಣಗಾಗುತ್ತಿತ್ತು. ಗೌರಿಬಿದನೂರಿನಲ್ಲಿ ಕೋಟು ಬಿಚ್ಚಿಸಿದ್ದು ಆ ಹೊಟ್ಟೆಕಿಚ್ಚೇ.

ಹಾಗಿದ್ದೂ ಬಂದು ಕನಕರಾಜನಿಗೆ ತೋರಿಸು ಎಂದು ಹೇಗೆ ಬರೆದೆ ಎನ್ನುತ್ತೀಯ. ಮೂವತ್ತಾರು ವರ್ಷ ಹೇಳಿದ ಸುಳ್ಳು ಕಣಪ್ಪ. ಹೇಳಿ ಹೇಳಿ, ನೀನು ಅದನ್ನು ಊದಿದ್ದನ್ನು ನಾನೇ ಎದುರಿಗೆ ನಿಂತು ನೋಡಿದ ಹಾಗಾಗಿಹೋಗಿದೆ. ಚೈತ್ರ ಬರೆದು ತೋರಿಸಿದಾಗ ಅವಳ ಮೇಲೆ ಸಿಟ್ಟು ಬಂದದ್ದು ಅದಕ್ಕೇ.

ಏನು ಮಾಡಲಿ ಹೇಳು. ಕಾಲಿಗೆ ಬೀಳು ಎಂದರೂ ಬೀಳುತ್ತೇನೆ.

ಮುನಿಶಾಮಪ್ಪ


ವಿದುರಾಶ್ವತ್ಥ
2 ಫೆಬ್ರವರಿ 2025

ಮಾಸ್ಟರ್ ಅವರಿಗೆ,

ಕಾಲಿಗೆ ಬೀಳುವುದು ಬೇಡ. ನೀವು ಬಿದ್ದರೆ ಎತ್ತಬೇಕಾದವನು ನಾನೇ, ನನಗೂ ಸೊಂಟ ನೋವು.

ನಿಮ್ಮ ಕಾಗದವನ್ನು ನಾರಾಯಣಮ್ಮನಿಗೆ ಓದಿ ಹೇಳಿದೆ. ಅವಳು ನಿಮ್ಮನ್ನು ಬೈಯಲಿಲ್ಲ. ನನ್ನನ್ನು ನೋಡಿ, "ಹಂಗಾದ್ರೆ ಆವಾಗೆಲ್ಲ ನನ್ನ ಮೇಲೆ ಕೂಗಾಡಿದ್ದು, ತಟ್ಟೆ ಎಸೆದಿದ್ದು, ಅದೆಲ್ಲಾ ಅರ್ಧ ಇಳಿದ ಸೆಲ್ಲಿಗಾ?" ಎಂದಳು. ಎದ್ದು ಹಿತ್ತಲಿಗೆ ಹೋದೆ. ನಿಮ್ಮ ಮೇಲೆ ಬಂದ ಸಿಟ್ಟನ್ನು ಹೇಗೆ ಬರೆಯಲಿ? ಎದುರಿಗಿದ್ದಿದ್ದರೆ ಕೈ ಎತ್ತಿಬಿಡುತ್ತಿದ್ದೆ, ಮಾಸ್ಟರ್ ಎಂದೂ ನೋಡುತ್ತಿರಲಿಲ್ಲ. ನನಗೆ ವಿದ್ಯೆ ಇಲ್ಲವೆಂದು ನಂಬಿ ಮೂವತ್ತು ವರ್ಷ ಸ್ಕೂಲಿನ ಗಂಟೆ ಹೊಡೆದೆ. ಮಕ್ಕಳು ಆಗಸ್ಟ್ ಹದಿನೈದಕ್ಕೆ ಬ್ಯೂಗಲ್ ಊದುವಾಗ ಒಂದು ಸಲವಾದರೂ ಹತ್ತಿರ ಹೋಗಿ ಹೀಗಲ್ಲ ಹಾಗೆ ಎಂದು ಹೇಳಿಕೊಡಲಿಲ್ಲ. ಕೊಠಡಿಯೊಳಗೆ ಹೋಗಿ ಕುರ್ಚಿ ಎಣಿಸುತ್ತಾ ನಿಲ್ಲುತ್ತಿದ್ದೆ.

ಏನು ಮಾಡಲಿ ಎಂದು ಕೇಳಿದ್ದೀರಿ. ನನ್ನ ಮಾನ ಹೋದದ್ದು ಕಾಗದದಲ್ಲಿ ಅಲ್ಲ, ಜನರ ಎದುರಿಗೆ. ಮೋಹನ್‌ಬಾಬು ಅವರು ಈಗಲೂ ಗೌರಿಬಿದನೂರಿನ ಅದೇ ಮನೆಯಲ್ಲಿದ್ದಾರೆ. ಅವರ ಮನೆಗೆ ಹೋಗಿ, ಅವರ ಮನೆಯವರ ಮುಂದೆ ನಿಂತು, ಆವತ್ತು ತಪ್ಪು ಚಲಪತಿಯದಲ್ಲ ನನ್ನದು ಎಂದು ನಿಮ್ಮ ಬಾಯಿಂದ ಹೇಳಿ. ಆಮೇಲೆ ಮಿಕ್ಕ ಮಾತು.

ಚಲಪತಿ


ಶಿಡ್ಲಘಟ್ಟ
24 ಫೆಬ್ರವರಿ 2025

ಚಲಪತಿಗೆ,

ನೀನು ಹೇಳಿದ ಹಾಗೆ ಮಾಡಿ ಬಂದೆ. ಶನಿವಾರ ಚೈತ್ರಳನ್ನು ಕರೆದುಕೊಂಡು ಹೋದೆ. ಬಸ್ಸಿನುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡುತ್ತಿದ್ದೆ. ನನಗೆ ಕೇಳಿಸದ್ದರಿಂದ ಎಷ್ಟು ಜೋರಾಗಿ ಮಾಡುತ್ತಿದ್ದೆನೋ, ಚೈತ್ರ ಮೂರು ಸಲ ಮೊಣಕೈ ತಿವಿದಳು.

ಮೋಹನ್‌ಬಾಬು ಮನೆಯಲ್ಲೇ ಇದ್ದರು. ತಲೆ ಬೋಳಾಗಿದೆ. ಅವರ ಹೆಂಡತಿ ಯಾಮಿನಿ, ತಾಯಿ ಅಮ್ಮಾಜಮ್ಮ, ಬೋರಿನ ಮೋಟಾರು ಬಿಚ್ಚುತ್ತಿದ್ದ ಒಬ್ಬ ಮೆಕ್ಯಾನಿಕ್, ಇಷ್ಟು ಜನ. ನಾನು ಕುರ್ಚಿ ಬೇಡವೆಂದು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಸೆಲ್ಲು ಹೇಳಿದೆ, ಅಂಗಡಿ ಹೇಳಿದೆ, ಕೋಟು ಹೇಳಿದೆ. ಹೊಟ್ಟೆಕಿಚ್ಚನ್ನೂ ಹೇಳಿದೆ. ಮೆಕ್ಯಾನಿಕ್ ಕೆಲಸ ನಿಲ್ಲಿಸಿ ಕೇಳಿದ.

ಎಲ್ಲ ಮುಗಿದ ಮೇಲೆ ಮೋಹನ್‌ಬಾಬು ಹೆಂಡತಿಯ ಮುಖ ನೋಡಿ ಏನೋ ಅಂದರು. ಚೈತ್ರ ನನ್ನ ಕಿವಿಗೆ ಕೂಗಿದಳು: "ನಮ್ ಮದ್ವೇಲಿ ಬ್ಯಾಂಡ್ ಇತ್ತಾ ಅಂತ ಕೇಳ್ತಿದ್ದಾರೆ ತಾತ." ಯಾಮಿನಿಯವರಿಗೆ ಓಲಗ ಇದ್ದದ್ದು ಜ್ಞಾಪಕ. ಆಲ್ಬಮ್ ತಂದರು. ಒಂದೇ ಒಂದು ಫೋಟೋದಲ್ಲಿ, ಬೀಗರ ಪೇಟದ ಹಿಂದೆ, ಮುನಿಶಾಮಿಯ ಡ್ರಮ್ಮು ಅರ್ಧ ಕಾಣುತ್ತದೆ. ಅಷ್ಟೇ. ನೀನೂ ಇಲ್ಲ, ನಾನೂ ಇಲ್ಲ. ಅಮ್ಮಾಜಮ್ಮ ತೆಲುಗಿನಲ್ಲಿ, "ಪೋನೀಲೇಪ್ಪಾ, ಕಾಫಿ ತಾಗಿ ಪೋ" ಎಂದರು, ಹೋಗಲಿ ಬಿಡಪ್ಪ, ಕಾಫಿ ಕುಡಿದು ಹೋಗು ಎಂದು.

ನನಗೆ ಎಂಥ ಸಂಕಟವಾಯಿತೆಂದರೆ, ಅಲ್ಲೇ ಕೂಗಾಡಿಬಿಟ್ಟೆ. ನೆನಪು ಮಾಡ್ಕೊಳಿ, ಒಬ್ಬ ಮನುಷ್ಯ ನಿಮ್ಮ ಬಾಗಿಲಲ್ಲಿ ಬನೀನಿನಲ್ಲಿ ನಿಂತಿದ್ದ, ನೆನಪು ಮಾಡ್ಕೊಳಿ ಎಂದೆ. ಅವರು ಹೆದರಿದರು. ಚೈತ್ರ ನನ್ನ ಕೈ ಹಿಡಿದು ಹೊರಗೆ ಕರೆತಂದಳು.

ಆಮೇಲೆ ಅವಳು ನಿನ್ನ ಮನೆಗೆ ಬಂದಳಲ್ಲ, ಆಗ ನಾನು ವಿದುರಾಶ್ವತ್ಥದ ಬಸ್ ನಿಲ್ದಾಣದಲ್ಲೇ ಕೂತಿದ್ದೆ. ಕರೆಯದೆ ಬರುವುದು ಸರಿಯಲ್ಲವೆನಿಸಿತು. ಅಥವಾ ಧೈರ್ಯ ಬರಲಿಲ್ಲ.

ಮಾರ್ಚ್ ಹದಿನಾರನೇ ತಾರೀಖು ಭಾನುವಾರ ರೆಕಾರ್ಡಿಂಗ್ ಇಟ್ಟುಕೊಂಡಿದ್ದಾರೆ. ಕನಕರಾಜನಿಗೆ ಇನ್ನೂ ಹೇಳಿಲ್ಲ. ದಿನಾ ಬೆಳಿಗ್ಗೆ ಹೇಳೋಣವೆಂದು ಹೊರಡುತ್ತೇನೆ. ಅವನು ತುಟಿಗೆ ಬೋರೋಲಿನ್ ಹಚ್ಚಿಕೊಂಡು ಕೂತಿರುತ್ತಾನೆ. ನೋಡಿ ಹಿಂದಕ್ಕೆ ಬರುತ್ತೇನೆ.

ಮುನಿಶಾಮಪ್ಪ


ವಿದುರಾಶ್ವತ್ಥ
8 ಮಾರ್ಚ್ 2025

ಮಾಸ್ಟರ್ ಅವರಿಗೆ,

ಅವರಿಗೆ ನೆನಪಿಲ್ಲ ಎಂಬುದನ್ನು ನೀವು ಬರೆಯದೆ ಇರಬಹುದಿತ್ತು. ಚೈತ್ರ ಅಲ್ಲಿ ನಡೆದದ್ದನ್ನು ಬಾಯಿ ಬಿಟ್ಟಿರಲಿಲ್ಲ, ಕೇಳಿಸಿಕೊಂಡರು, ತಲೆ ತಗ್ಗಿಸಿದರು ಎಂದು ಒಂದು ಸುಳ್ಳು ಬರೆದಿದ್ದರೆ ನನಗೆ ತಿಳಿಯುತ್ತಿರಲಿಲ್ಲ. ಬೇಡದ ಕಡೆ ಮೂವತ್ತಾರು ವರ್ಷ ಸುಳ್ಳು ಹೇಳಿ, ಬೇಕಾದ ಕಡೆ ನಿಜ ಹೇಳಿದಿರಿ. ಯಾವ ಊರಿನ ಹೆಸರು ಕೇಳಿದರೂ ಮುಖ ತಿರುಗಿಸುತ್ತಿದ್ದೆನೋ ಆ ಊರಿನಲ್ಲಿ, ಆ ವಿಷಯ ಗೊತ್ತಿದ್ದವನು ನಾನೊಬ್ಬನೇ. ಅವರು ಮಾರನೆಯ ದಿನವೇ ಮರೆತು ಬೀಗರೂಟ ಮಾಡಿದ್ದರು.

ನೀವು ಬಸ್ ನಿಲ್ದಾಣದಲ್ಲಿ ಕೂತಿರುವುದು ನನಗೆ ಗೊತ್ತಿತ್ತು. ಚೈತ್ರ ಹೇಳಿದಳು. ಕರೆಯಬೇಕೆನಿಸಲಿಲ್ಲ.

ಅವಳು ತನ್ನ ಫೋನಿನಲ್ಲಿ ವೇಗ ಇಳಿಸಿದ ಬೀಗರ ನಡೆಯನ್ನು ಹಾಕಿದಳು. ನಾನು ಬೇಡವೆಂದು ಎದ್ದು ಹೊರಟೆ. ಅಷ್ಟರಲ್ಲಿ ನಾರಾಯಣಮ್ಮ ಅಡಿಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದು, "ಇದೇ ಅಲ್ವಾ ನೀವು ಮೊದಲು ಮನೇಲಿ ಊದ್ತಿದ್ದಿದ್ದು? ನಾನು ಬಂದ ಹೊಸದ್ರಲ್ಲಿ, ಸಿಟ್ಟು ಮಾಡ್ಕೊಳೋಕ್ ಮುಂಚೆ?" ಎಂದಳು. ನಾನು ಕೂತು ಕೇಳಿದೆ. ನಿಧಾನ ನಡೆ. ಮುನಿಶಾಮಿಯ ಪೆಟ್ಟು ಸಂದಿಯಲ್ಲಿ ಬೀಳುತ್ತಿತ್ತು, ಬೀಗರು ಸಾವಕಾಶವಾಗಿ ಕಾಲಿಡುವುದಕ್ಕೆ ಸರಿಯಾಗಿ. ತುದಿಯಲ್ಲಿ ನನ್ನ ಸ್ವರ ಬಂತು. ಒಡೆಯಲಿಲ್ಲ, ನಡುಗಲಿಲ್ಲ. ಎಷ್ಟು ಬೇಕೋ ಅಷ್ಟು ಹೊತ್ತು ನಿಂತು ಇಳಿಯಿತು. ಮೂರು ಸಲ ಹಾಕಿಸಿಕೊಂಡು ಕೇಳಿದೆ. ಇಪ್ಪತ್ತಾರು ವರ್ಷದ ಹುಡುಗ, ಕೆಲಸ ಗೊತ್ತಿದ್ದ ಹುಡುಗ. ಅವನನ್ನು ನಾನು ಅಷ್ಟು ವರ್ಷ ಬೈದೆನಲ್ಲ ಎಂದು ಅಳು ಬಂತು. ಚೈತ್ರಳ ಮುಂದೆಯೇ ಅತ್ತೆ.

ಕ್ಷಮಿಸಿದೆ ಎಂದು ಬರೆಯಲು ಇವತ್ತು ಬೆಳಿಗ್ಗೆಯಿಂದ ಕೂತಿದ್ದೇನೆ. ಬರುತ್ತಿಲ್ಲ. ನಾರಾಯಣಮ್ಮ "ಬರ್ಲಿಲ್ಲ ಅಂದ್ರೆ ಬಿಡಿ, ಬಲವಂತ ಏನು" ಎಂದಳು. ಮುಂದೆ ಯಾವತ್ತಾದರೂ ಬಂದರೆ ನೋಡೋಣ.

ಆದರೆ ಕನಕರಾಜನಿಗೆ ಇನ್ನೂ ಹೇಳಿಲ್ಲ ಎಂದಿದ್ದೀರಿ. ನಿಮಗೆ ನಾಚಿಕೆಯಾಗಬೇಕು. ಗೊತ್ತಾದ ಮೇಲೂ ಇನ್ನೊಬ್ಬನ ತುಟಿಯ ರಕ್ತ ನೋಡಿಕೊಂಡು ಹಿಂದಕ್ಕೆ ಬರುತ್ತೀರಲ್ಲ, ನೀವು ಎಂಥ ಮನುಷ್ಯರು?

ಹದಿನಾರರ ಭಾನುವಾರ ಬರುತ್ತೇನೆ. ನಿಮಗಾಗಿ ಅಲ್ಲ. ಬೆಳಿಗ್ಗೆಯ ಮೊದಲನೇ ಬಸ್ಸಿಗೆ ಹೊರಟು ಸೀದಾ ಕೆಂಚಾರ್ಲಹಳ್ಳಿಗೆ ಬರುತ್ತೇನೆ, ನಾರಾಯಣಮ್ಮನೂ ಬರುತ್ತಾಳೆ. ನಾನು ತಲುಪುವವರೆಗೆ ಅವನ ಕೈಗೆ ಟ್ರಂಪೆಟ್ ಕೊಡಬೇಡಿ. ವಿಷಯವನ್ನು ನಾನೇ ಹೇಳುತ್ತೇನೆ. ಯಾವ ಶ್ರುತಿಯಲ್ಲಿ ಊದಬೇಕೆಂಬುದನ್ನೂ ನಾನೇ ಹೇಳುತ್ತೇನೆ. ಆ ಹುಡುಗರು ಕ್ಯಾಸೆಟ್ಟಿನ ಹಾಗೆ ಬೇಕು ಎಂದರೆ ಅವರಿಗೂ ನಾನೇ ಹೇಳುತ್ತೇನೆ. ಸಪ್ಪೆ ಎನ್ನುವವರು ಎನ್ನಲಿ.

ಆವತ್ತು ನೀವು ಕ್ಲಾರಿನೆಟ್ ಹಿಡಿಯಬೇಡಿ. ಅವನ ಎದುರಿಗೆ ಒಂದು ಕುರ್ಚಿ ಹಾಕಿಕೊಂಡು ಕೂರಿ. ಅವನು ಆ ಸ್ವರಕ್ಕೆ ಬಂದಾಗ ಬೇರೆ ಎಲ್ಲೂ ನೋಡದೆ ಅವನ ಮುಖ ನೋಡಿ. ನೋವಿಲ್ಲದೆ ಊದುವವನ ಮುಖ ಹೇಗಿರುತ್ತದೆ ಎಂಬುದನ್ನು ನೀವು ನೋಡಿ ಬಹಳ ವರ್ಷವಾಯಿತು.

ಚಲಪತಿ